ತುಕ್ಕು ಕಂಡಿದೆಯೇ?

ಹುಬ್ಬಳ್ಳಿಯ ಗಣೇಶಪೇಟೆಯ ಓಣಿಯೊಂದರಲ್ಲಿ, ಜನ ಹೋಗಿಬರುವ ಹಾದಿಯ ಪಕ್ಕದಲ್ಲೇ ಹಸಿರು ಪರದೆ ಕಟ್ಟಿಕೊಂಡು, ರೇಣುಕಾ ಎಂಬ ಹೆಂಗಸು ಆಳೆತ್ತರದ ಸ್ಟೀಲ್ ಹಂಡೆಗೆ ಬೆಸುಗೆ ಹಾಕುತ್ತಿದ್ದಳು. ಕಣ್ಣಿಗೆ ಕಪ್ಪು ಗಾಜು, ಸೀರೆಯ ಮೇಲೆ ಚರ್ಮದ ಏಪ್ರನ್, ಕೈಗೆ ಗವಸು. ಬಾಯಿಗೆ ಮಾತ್ರ ಏನೂ ಕಟ್ಟಿಕೊಂಡಿರಲಿಲ್ಲ. ಬಾಯಲ್ಲಿ ಎಲೆಅಡಿಕೆ ಇತ್ತು. ಪರದೆಯ ಈಚೆಗೆ ಅವಳ ಅತ್ತೆ ಕೂತು ಹೀರೇಕಾಯಿ ಹೆರೆಯುತ್ತಿದ್ದಳು. ನೀಲಿ ಬೆಳಕು ಚಿಟಿಚಿಟಿ ಎಂದು ಹೊತ್ತಿ ಆರುವಾಗೆಲ್ಲ ಮುದುಕಿ ತಲೆಯೆತ್ತಿ, "ಆತೇನವಾ? ಅನ್ನಕ್ಕ ಇಡೂ ಹೊತ್ತಾತು," ಎನ್ನುತ್ತಿದ್ದಳು.

ಹತ್ತು ವರ್ಷದ ಹಿಂದೆ ಸ್ಟೀಲ್ ಬೆಸುಗೆಯೆಂದರೆ ಊರ ಹೊರಗಿನ ಮುಚ್ಚಿದ ಶೆಡ್ಡು, ಗಾಳಿಯನ್ನು ಎಳೆದು ಸೋಸುವ ಯಂತ್ರ, ತಲೆಬುರುಡೆಯಂಥ ಮುಖವಾಡ. ಕಾರಣ ಕ್ರೋಮಿಯಂ. ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದೇ. ಗಾಳಿ ತಾಕಿದ ಕೂಡಲೇ ಲೋಹದ ಮೈಮೇಲೆ ಕಣ್ಣಿಗೆ ಕಾಣದ ಪೊರೆಯೊಂದನ್ನು ಹೊದಿಸುತ್ತದೆ, ಗೀರಿದರೆ ಆ ಪೊರೆ ಚರ್ಮದ ಹಾಗೆ ಮತ್ತೆ ಬೆಳೆಯುತ್ತದೆ. ಆದರೆ ಬೆಸುಗೆಯ ಬೆಂಕಿಯಲ್ಲಿ ಅದೇ ಕ್ರೋಮಿಯಂ ವಿಷದ ರೂಪ ತಾಳಿ ಹೊಗೆಯಾಗಿ ಏಳುತ್ತದೆ. ಆ ಹೊಗೆ ಹೆಚ್ಚಾಗಿ ಹುಟ್ಟುವುದು ಎರಡು ತಗಡುಗಳ ಸಂದಿಗೆ ಕರಗಿಸಿ ತುಂಬುವ ತಂತಿಯಿಂದ. ಹಾಗಾದರೆ ತಂತಿಯಲ್ಲಿ ಕ್ರೋಮಿಯಮ್ಮೇ ಇಲ್ಲದಿದ್ದರೆ? ಹೊಗೆಯ ವಿಷ ಹೋಗುತ್ತದೆ, ನಿಜ. ಜೊತೆಗೆ ಕಾವಲುಗಾರನೂ ಹೋಗುತ್ತಾನೆ.

ಈ ಇಕ್ಕಟ್ಟನ್ನು ಬಿಡಿಸಿದವಳು ಡಾಕ್ಟರ್ ತನ್ಮಯಿ ಅಂಗಡಿ. ಅವಳ ತಂತಿಯಲ್ಲಿದ್ದದ್ದು ನಿಕ್ಕಲ್, ತಾಮ್ರ, ಜೊತೆಗೆ ಚಿಟಿಕೆಯಷ್ಟು ಪಲ್ಲಾಡಿಯಂ. ಉಪ್ಪುನೀರಿನಲ್ಲಿ ಎರಡು ಲೋಹಗಳು ಅಂಟಿಕೊಂಡಿದ್ದರೆ ಅವು ಸಮಾಧಾನದಿಂದ ಇರುವುದಿಲ್ಲ. ಒಂದು ಗಟ್ಟಿಯಾಗಿ ಉಳಿಯುತ್ತದೆ, ಇನ್ನೊಂದು ಕರಗಿ ಬೆಲೆ ತೆರುತ್ತದೆ. ಅಗಲವಾದ ತಗಡಿನ ನಡುವೆ ಗೆರೆಯಷ್ಟು ಸಣ್ಣ ಬೆಸುಗೆ ದುರ್ಬಲವಾಗಿದ್ದರೆ ಬೇಗನೇ ಸವೆದು ತೂತಾಗುತ್ತದೆ. ಚಿನ್ನದ ಸಾಲಿಗೆ ಸೇರುವ ಪಲ್ಲಾಡಿಯಂ ಒಂದು ಚೂರು ಬಿದ್ದರೆ ಸಾಕು, ಬೆಸುಗೆಯೇ ಗಟ್ಟಿಯ ಪಕ್ಷಕ್ಕೆ ಸೇರುತ್ತದೆ. ಇಷ್ಟೇ ಉಪಾಯ. ಆದರೆ ಈ ಇಷ್ಟರಿಂದ ಬೆಸುಗೆ ಶೆಡ್ಡು ಬಿಟ್ಟು ಓಣಿಗೆ ಬಂತು. ಬಳೆ ಮಾರುತ್ತಿದ್ದ ರೇಣುಕಾ ಬೆಸುಗೆ ಕಲಿತಳು. ಮನೆಮನೆಯಲ್ಲಿ ಒಲೆ ಹಚ್ಚುವುದು ಬಿಟ್ಟು ಓಣಿಗೊಂದು ಅಡುಗೆಮನೆ ಮಾಡಿಕೊಂಡ ಜನಕ್ಕೆ, ದೊಡ್ಡ ಹಂಡೆಗಳು ಅಲ್ಲಲ್ಲೇ ತಯಾರಾಗತೊಡಗಿದವು. ತಂತಿಗೆ ಸರಕಾರಿ ಹೆಸರೊಂದು ಇತ್ತು. ಅದನ್ನು ಯಾರೂ ಬಳಸಲಿಲ್ಲ. ಎಲ್ಲರೂ 'ತನ್ಮಯಿ ತಂತಿ' ಎಂದರು.

ಹೀಗೆ ಎಲ್ಲರೂ ಎನ್ನುವಾಗ ಸುನೇತ್ರಾ ಬಾರಕೇರ ಎಂಬವಳ ಹೊಟ್ಟೆಯಲ್ಲಿ ಯಾರೋ ಒಣಮೆಣಸಿನಕಾಯಿ ಸುಟ್ಟಂತಾಗುತ್ತಿತ್ತು.

ಈಗಲೂ ಅವಳು ರೇಣುಕಾಳ ಪರದೆಯ ಹತ್ತಿರ, ಬಳೆಯಂಗಡಿಗೆ ಬಂದವಳ ಹಾಗೆ ನಿಂತಿದ್ದಳು. ಬೆಸುಗೆ ತಣ್ಣಗಾದ ಮೇಲೆ ಹಂಡೆಯ ಹತ್ತಿರ ಸರಿದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೆಸುಗೆಯ ಕೆಳಗೆ ಬೆರಳಾಡಿಸಿದಳು. ಸೊಸೆ ಕಸ ಗುಡಿಸಿದ ಮೇಲೆ ಕಿಟಕಿಯ ಸಂದಿಯಲ್ಲಿ ಬೆರಳು ಸವರಿ ನೋಡುವ ಅತ್ತೆಯ ಹಾಗೆ. ಏನೂ ಸಿಗಲಿಲ್ಲ. ಯಾವತ್ತೂ ಸಿಗುತ್ತಿರಲಿಲ್ಲ.

ಅವಳೂ ತನ್ಮಯಿಯೂ ಧಾರವಾಡದಲ್ಲಿ ಒಂದೇ ಗುರುಗಳ ಕೈಕೆಳಗೆ, ಒಂದೇ ಕೋಣೆಯಲ್ಲಿ ಇದ್ದು ಸಂಶೋಧನೆ ಮಾಡಿದವರು. ಕ್ರೋಮಿಯಂ ಬಿಡಬೇಕೆಂಬ ಹುಚ್ಚು ಇಬ್ಬರಿಗೂ ಇತ್ತು. ಸುನೇತ್ರಾ ಅಲ್ಯೂಮಿನಿಯಂ, ಸಿಲಿಕಾನ್ ಬೆರೆಸಿದ ತಂತಿಯ ದಾರಿ ಹಿಡಿದಳು. ಅದರ ಬೆಸುಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆದರೆ ತಣ್ಣಗಾಗುವಾಗ ಕೂದಲೆಳೆಯಷ್ಟು ಬಿರುಕು ಬಿಡುತ್ತಿತ್ತು. ಆ ಬಿರುಕನ್ನು ಮುಚ್ಚುವುದು ಅವಳಿಂದ ಆಗಲೇ ಇಲ್ಲ. ತನ್ಮಯಿ ಮಾತುಗಾರ್ತಿ, ನಗುಮುಖದವಳು, ಯಾರ ಹತ್ತಿರವಾದರೂ ಹೋಗಿ ಏನು ಬೇಕಾದರೂ ಕೇಳಿ ತರುವವಳು. ಸುನೇತ್ರಾ ನಾಲ್ಕು ಜನ ಕೂಡಿದಲ್ಲಿ ಬಾಯಿ ಬಿಡುವವಳಲ್ಲ. ತನ್ನ ತಂತಿ ಸೋತದ್ದಕ್ಕಿಂತ, ತನ್ಮಯಿಯ ತಂತಿ ನಗುನಗುತ್ತ ಗೆದ್ದದ್ದು ಅವಳನ್ನು ಹೆಚ್ಚು ಸುಟ್ಟಿತು. ಆಮೇಲೆ ಅವಳು ವಸ್ತು ಪರೀಕ್ಷೆಯ ಸಣ್ಣ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದಳು. ಬೇರೆಯವರು ಮಾಡಿದ್ದನ್ನು ಮುರಿದು ನೋಡುವ ಕೆಲಸ.

"ಸುನೀ, ನಿನ್ನ ಗೆಳತಿ ಟಿವ್ಯಾಗ ಬಂದಾಳ, ಬಾ ನೋಡು!" ಎಂದು ತಾಯಿ ಕೂಗಿದಾಗ ಸುನೇತ್ರಾ ತಲೆನೋವೆನ್ನುತ್ತಿದ್ದಳು. ಆಮೇಲೆ ಒಬ್ಬಳೇ ಕೂತು ಅದೇ ಸಂದರ್ಶನವನ್ನು ಫೋನಿನಲ್ಲಿ ಹಾಕಿ, ತನ್ಮಯಿಯ ಕಿವಿಯ ಹತ್ತಿರ ಕೂದಲು ನರೆತಿದೆಯೇ ಎಂದು ಹಿಗ್ಗಿಸಿ ನೋಡುತ್ತಿದ್ದಳು. ಒಂದು ಬಿಳಿ ಎಳೆ ಸಿಕ್ಕರೆ ಆ ದಿನ ಊಟ ರುಚಿಸುತ್ತಿತ್ತು.

ತಂತಿ ಹೊಸದಾಗಿ ಬಳಕೆಗೆ ಬಂದಾಗ ತನ್ಮಯಿಯೇ ಅವಳಿಗೆ ಫೋನ್ ಮಾಡಿದ್ದಳು. ಊರೂರಿನ ಅಡುಗೆಮನೆಗಳಿಗೆ ಪ್ರತಿ ಸೋಮವಾರ ಯಂತ್ರದ ದನಿಯೊಂದು ಫೋನ್ ಮಾಡಿ ಬೆಸುಗೆ ಹೇಗಿದೆಯೆಂದು ವಿಚಾರಿಸುವ ವ್ಯವಸ್ಥೆಯಾಗುತ್ತಿತ್ತು. ಒಂದೇ ಪ್ರಶ್ನೆ; ಉತ್ತರ ಹೌದು ಅಥವಾ ಇಲ್ಲ.

"ನಿನ್ನ ಕನ್ನಡ ಚಲೋ ಐತಿ ಲೇ," ಎಂದಿದ್ದಳು ತನ್ಮಯಿ. "ಈ ಲೋಹ ತಿನ್ನೂ ಕರೋಶನ್ ಅಂದ್ರ ನಮ್ಮ ಮಂದಿಗೆ ತಿಳಿಯೂಹಂಗ ಏನನ್ನಬೇಕ?"

"ಪುಸ್ತಕದಾಗ ಸಂಕ್ಷಾರಣ ಅಂತೈತಿ."

"ಅಯ್ಯ, ಅದೇನ್ ಹೋಮಾ ಮಾಡೂ ಮಂತ್ರನ? ಸಾದಾ ಹೇಳಲೇ."

ಆ ದನಿಯಲ್ಲಿದ್ದ ಗೆಲುವನ್ನು ಸುನೇತ್ರಾಳಿಂದ ಇನ್ನೊಂದು ನಿಮಿಷ ಕೇಳಲಾಗುತ್ತಿರಲಿಲ್ಲ. ಫೋನು ಇಟ್ಟರೆ ಸಾಕಾಗಿತ್ತು. "ತುಕ್ಕು ಅನ್ನು. 'ಬೆಸುಗೆಯಲ್ಲಿ ತುಕ್ಕು ಕಂಡಿದೆಯೇ' ಅಂತ ಕೇಳು, ಮುಗೀತು," ಎಂದು ಇಟ್ಟುಬಿಟ್ಟಳು. ಅಂದಿನಿಂದ ತನ್ಮಯಿಯ ಪ್ರತಿ ಉಪನ್ಯಾಸದ ಕೊನೆಗೆ ಪರದೆಯ ಮೇಲೆ ಸಣ್ಣ ಅಕ್ಷರಗಳಲ್ಲಿ 'ಪ್ರಶ್ನೆ ರಚನೆ: ಡಾ. ಸುನೇತ್ರಾ ಬಾರಕೇರ' ಎಂದು ಬರುತ್ತಿತ್ತು. ಎಲೆಯ ತುದಿಗೆ ಬಡಿಸಿದ ಉಪ್ಪಿನ ಹಾಗೆ. ಸುನೇತ್ರಾಳಿಗೆ ಅದು ಉಪಕಾರವಾಗಿ ಕಾಣಲಿಲ್ಲ, ಭಿಕ್ಷೆಯಾಗಿ ಕಂಡಿತು.

ಶ್ರಾವಣದಲ್ಲಿ ಗದಗಿನಲ್ಲಿ ಚಿಕ್ಕಪ್ಪನ ಮಗಳ ಕುಬುಸವಿತ್ತು. ಊಟ ಓಣಿಯ ಅಡುಗೆಮನೆಯಿಂದಲೇ ಬಂದಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹಾಡು ಶುರುವಾದಾಗ ಸುನೇತ್ರಾ ಮೆಲ್ಲಗೆ ಎದ್ದು ಅಡುಗೆಮನೆಯತ್ತ ನಡೆದಳು. ಬಡಿಸುವ ಪಾತ್ರೆಯೊಂದನ್ನು ನೆಪಕ್ಕೆ ಕೈಯಲ್ಲಿ ಹಿಡಿದಿದ್ದಳು. ಅಲ್ಲಿಯ ಮುಖ್ಯ ಅಡುಗೆಯವಳು ಸಿಂಚನಕ್ಕ, ಐವತ್ತರ ದಪ್ಪ ಹೆಂಗಸು, ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು.

"ಏನ್ರೀ, ಏನ್ ಹುಡಕಾಕತ್ತೀರಿ?"

"ಏನಿಲ್ಲಕ್ಕಾ. ಹಂಡೆ ಭಾಳ ಚಂದ ಐತಿ ಅಂತ ನೋಡಾಕತ್ತಿದ್ದೆ."

"ಚಂದ ಇರಲಾರದ ಏನು? ತನ್ಮಯಿ ತಂತಿದ್ರೀ ಅದು. ಮುಖ ನೋಡ್ಕೋಬಹುದು ಅದರಾಗ."

ಸುನೇತ್ರಾ ಮುಖ ನೋಡಿಕೊಂಡಳು. ಸೊಟ್ಟಗೆ ಕಂಡಿತು. ಬಗ್ಗಿ, ಹಂಡೆಯ ತಳದಲ್ಲಿ ನಲ್ಲಿ ಕೂಡುವ ಬೆಸುಗೆಗೆ, ಎಂದಿನ ಹಾಗೆ, ಬೆರಳು ಹಾಕಿದಳು. ಬೆರಳು ಹಸಿರಾಗಿ ಹೊರಬಂತು.

ಬೆರಳನ್ನು ಬೆಳಕಿಗೆ ಹಿಡಿದಳು. "ಅಕ್ಕಾ, ಇದೇನಿದು?"

"ಅದಾ? ನಿನ್ನೆ ಹುಳಿಹುಳಿ ಪುಂಡಿಪಲ್ಯ ಮಾಡಿ ರಾತ್ರಿ ಅದರಾಗ ಬಿಟ್ಟಿದ್ವಿ. ಪುಂಡಿಪಲ್ಯ ಮರುದಿನಾನ ಅಲ್ರೀ ರುಚಿ? ಮುಂಜಾನೆ ಗಡಿಬಿಡಿಯಾಗ ಅಲ್ಲೊಂದೀಟು ತಿಕ್ಕೂದು ಉಳದೈತಿ. ಹುಣಸಿಹಣ್ಣು ಹಚ್ಚಿದ್ರ ಹೋಗಿಬಿಡತೈತಿ."

"ದಿನಾ ಹಿಂಗ ಆಗತೈತೇನು?"

"ಹುಳಿ ಇಟ್ಟ ದಿನಾ ಆಗತೈತಿ."

"ಸೋಮವಾರ ಫೋನ್ ಬರ್ತೈತಲ್ಲ. ಅದಕ್ಕೇನ್ ಹೇಳತೀರಿ?"

"ತುಕ್ಕು ಕಂಡಿದೆಯೇ ಅಂತ ಕೇಳತೈತಿ. ಇಲ್ಲವಾ ಅಂತೀನಿ. ತುಕ್ಕು ಎಲ್ಲೈತ್ರೀ ಇಲ್ಲೆ? ತುಕ್ಕು ಕೆಂಪಗಿರತೈತಿ. ಇದು ಕಿಲುಬು."

"ಓಣ್ಯಾಗ ಹುಡುಗ್ರಿಗೆ ಹೊಟ್ಟಿನೋವು ಏನಾರ..."

"ಹುಡುಗ್ರಿಗೆ ಸಾಲಿಗೆ ಹೋಗಂದ್ರ ಹೊಟ್ಟಿ ನೋಯತೈತಿ," ಎಂದು ಸಿಂಚನಕ್ಕ ಗಹಗಹಿಸಿ ನಕ್ಕಳು.

ಸುನೇತ್ರಾಳಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಹುಳಿ ಮತ್ತು ಗಾಳಿ ಸೇರಿದರೆ ತಾಮ್ರ ಹಸಿರು ಕಾರುತ್ತದೆ. ಆ ಹಸಿರು ದಿನದಿನವೂ ಹೊಟ್ಟೆಗೆ ಹೋಗುವಂಥದ್ದಲ್ಲ. ಒಂದು ಕಾಲದಲ್ಲಿ ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಯಾರೂ ಹುಳಿ ಇಡುತ್ತಿರಲಿಲ್ಲ. ತಾಮ್ರದ ಪಾತ್ರೆಗಳು ಮನೆಯಿಂದ ಹೋದ ಮೇಲೆ ಆ ತಿಳಿವಳಿಕೆ ಅರ್ಧ ಹೋಗಿತ್ತು. ತಿಕ್ಕುವುದು ಉಳಿದಿತ್ತು, ಹೆದರಿಕೆ ಹೋಗಿತ್ತು. ಇತ್ತ ಪ್ರಯೋಗಾಲಯದಲ್ಲಿ ತನ್ಮಯಿಯ ತಂತಿಯನ್ನು ಪರೀಕ್ಷಿಸಿದ್ದೆಲ್ಲ ಉಪ್ಪುನೀರಿನಲ್ಲಿ. ನಿಯಮಗಳು ಎಲ್ಲೋ ಸಮುದ್ರದ ದಂಡೆಯವರು ಹಡಗುಗಳಿಗೆಂದು ಬರೆದವು. ಗದಗಿಗೆ ಸಮುದ್ರ ಎಲ್ಲಿಂದ ಬರಬೇಕು? ಇಲ್ಲಿಗೆ ಬರುವುದು ಪುಂಡಿಪಲ್ಯ.

ಕರವಸ್ತ್ರಕ್ಕೆ ಬೆರಳನ್ನು ಒರೆಸಿ, ಮಡಚಿ, ಕುಬುಸದ ಕೋಣೆಗೆ ಮರಳಿದಳು. "ಇವತ್ತು ಸುನೇತ್ರಾನ ಮುಖಾ ನೋಡ್ರಿ, ಹೆಂಗ ಅರಳೇತಿ! ಇಕೀದೂ ಇನ್ನ ಲಗೂನ ಆಗಬೇಕ ನೋಡು," ಎಂದಳು ಚಿಕ್ಕಮ್ಮ. ಸುನೇತ್ರಾ ನಾಚಿದಂತೆ ತಲೆ ತಗ್ಗಿಸಿದಳು.

ಕೇಂದ್ರಕ್ಕೆ ಹೋದವಳೇ ಊಟದ ಡಬ್ಬಿಯಲ್ಲಿ ಪುಂಡಿಪಲ್ಯ ಒಯ್ದು ಬೆಸುಗೆಯ ತುಂಡೊಂದನ್ನು ಅದರಲ್ಲಿ ಹೂತಿಟ್ಟಳು, ಇನ್ನೊಂದನ್ನು ಉಪ್ಪುನೀರಿನಲ್ಲಿ. ಮರುದಿನ ಉಪ್ಪಿನದು ಲಕಲಕ ಹೊಳೆಯುತ್ತಿತ್ತು. ಪಲ್ಯದ್ದು ಗಿಳಿಮರಿಯ ಬಣ್ಣಕ್ಕೆ ತಿರುಗಿತ್ತು. ಆ ವಾರವೇ ಧಾರವಾಡದಲ್ಲಿ ಸಮಿತಿಯ ಸಭೆ. ರಾಜ್ಯದ ಎಲ್ಲ ಅಡುಗೆಮನೆಗಳಿಗೂ ತನ್ಮಯಿ ತಂತಿಯನ್ನೇ ಕಡ್ಡಾಯ ಮಾಡುವ ತೀರ್ಮಾನ ಅಲ್ಲಿ ಆಗುವುದಿತ್ತು. ತನ್ಮಯಿಗೆ ಒಂದು ಫೋನ್ ಮಾಡಿ ಹೇಳಬಹುದಿತ್ತು. ಫೋನನ್ನು ಕೈಗೆತ್ತಿಕೊಂಡಳು ಕೂಡ. ಆದರೆ ಫೋನಿನಲ್ಲಿ ಹೇಳಿದರೆ ಮುಖ ಕಾಣುವುದಿಲ್ಲ. ತುಂಬಿದ ಸಭೆಯಲ್ಲಿ, ಆ ನಗುಮುಖ ಇಳಿಯುವುದನ್ನು ಅವಳಿಗೆ ಕಣ್ಣಾರೆ ನೋಡಬೇಕಿತ್ತು.

ಧಾರವಾಡದ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಮಾತನ್ನು ಹೆಣೆಯುತ್ತ ಕೂತಳು. ಮೊದಲ ವಾಕ್ಯ ಚುಚ್ಚುವಂತಿರಬೇಕು. 'ಮಾನ್ಯರೇ, ಈ ತಂತಿ ತುಕ್ಕು ಹಿಡಿಯುವುದಿಲ್ಲವೆಂದು ಡಾಕ್ಟರ್ ಅಂಗಡಿಯವರು ಹೇಳುತ್ತಾರೆ. ಏಕೆಂದರೆ ಅವರು ಕೇಳಿದ್ದು ತುಕ್ಕನ್ನು ಮಾತ್ರ...' ಅಲ್ಲಿಗೆ ಮಾತು ನಿಂತಿತು. ಕೇಳಿದ್ದು ಅವರು. ಸರಿ. ಪ್ರಶ್ನೆ ಹೇಳಿಕೊಟ್ಟದ್ದು ಯಾರು?

ನವಲೂರು ದಾಟುವ ಹೊತ್ತಿಗೆ ಅವಳು ತನ್ನ ಪ್ರಶ್ನೆಯನ್ನೇ ತಿದ್ದುತ್ತಿದ್ದಳು. 'ಬಣ್ಣ ಏನಾದರೂ ಬದಲಾಗಿದೆಯೇ' ಎಂದಿದ್ದರೆ ಸಾಕಿತ್ತು. 'ಕಿಲುಬು' ಎಂಬ ಮಾತು ಅವಳಿಗೆ ಗೊತ್ತಿರಲಿಲ್ಲವೇ? ಅವಳ ಅಜ್ಜಿ ಬೆಳಗಾದರೆ ಆ ಮಾತನ್ನು ಗೊಣಗುತ್ತಿದ್ದಳು. ಒಂದು ನಿಮಿಷ ಯೋಚಿಸಿದ್ದರೆ ಹೊಳೆಯುತ್ತಿತ್ತು. ಆ ಒಂದು ನಿಮಿಷವನ್ನು ತನ್ಮಯಿಯ ದನಿಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ, ಅಷ್ಟೇ. ವಾರವಾರವೂ ಸಾವಿರಾರು ಅಡುಗೆಮನೆಗಳು ಸತ್ಯವನ್ನೇ ಹೇಳಿದ್ದವು. ಪ್ರಶ್ನೆಯೇ ಸತ್ಯಕ್ಕೆ ದಾರಿ ಬಿಟ್ಟಿರಲಿಲ್ಲ. ಈಗ ಬಾಯಿ ಮುಚ್ಚಿಕೊಂಡು ಹಿಂದಿರುಗಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹಂಡೆಗಳು ಹೊಳೆಯುತ್ತಲೇ ಇರುತ್ತವೆ. ಮಕ್ಕಳು ಉಣ್ಣುತ್ತಲೇ ಇರುತ್ತಾರೆ.

"ಏ ಸುನೀ! ಬಂದೀಯಾ? ನೀ ಬರೂದಿಲ್ಲ ಅಂದ್ಕೊಂಡಿದ್ದೆ," ಎಂದು ತನ್ಮಯಿ ಬಾಗಿಲಲ್ಲೇ ಕೈ ಹಿಡಿದಳು. "ಎಷ್ಟ್ ಸೊರಗೀ ಲೇ. ಉಣ್ಣತೀಯೋ ಇಲ್ಲೋ?" ಅವಳ ಕೂದಲಲ್ಲಿ ಈಗ ಬಿಳಿ ಎಳೆಗಳು ಚೆನ್ನಾಗಿಯೇ ಕಾಣುತ್ತಿದ್ದವು. ಮುಚ್ಚುವ ಗೋಜಿಗೆ ಹೋಗಿರಲಿಲ್ಲ. ಅದೂ ಅವಳಿಗೆ ಒಪ್ಪುತ್ತಿತ್ತು. ಸುನೇತ್ರಾಳಿಗೆ ಅದೂ ಸಂಕಟವೇ ಆಯಿತು.

ಸಭೆ ಶುರುವಾಯಿತು. ತನ್ಮಯಿ ಅಂಕಿ ಅಂಶಗಳನ್ನು ತೋರಿಸಿದಳು. ಇಷ್ಟು ವರ್ಷಗಳ ಸೋಮವಾರಗಳಲ್ಲಿ ಒಂದೇ ಒಂದು 'ಹೌದು' ಇಲ್ಲ. "ಇಷ್ಟ್ ಸ್ವಚ್ಛ ಉತ್ತರ ಬರಬೇಕಾದ್ರ ಪ್ರಶ್ನಿನೂ ಅಷ್ಟ ಸ್ವಚ್ಛ ಇರಬೇಕ್ರಿ. ಅದನ್ನ ಬರದಾಕಿ ಹಿಂದಿನ ಸಾಲಿನಾಗ ಕುಂತಾಳ, ನಾಚಿಕಿ ಸ್ವಭಾವ," ಎಂದು ಕೈತೋರಿಸಿದಳು. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು.

ಸುನೇತ್ರಾ ಎದ್ದು ನಿಂತಳು. ಕೈಮುಗಿದು ಕೂಡುತ್ತಾಳೆಂದು ಎಲ್ಲರೂ ತಿಳಿದರು. ಅವಳು ಕೂಡಲಿಲ್ಲ. ಬಸ್ಸಿನಲ್ಲಿ ಹೆಣೆದ ವಾಕ್ಯಗಳೆಲ್ಲ ತನ್ಮಯಿಯ ಹೆಸರಿನಿಂದ ಶುರುವಾಗುತ್ತಿದ್ದವು. ಅವನ್ನೆಲ್ಲ ಬಿಟ್ಟಳು.

"ಪ್ರಶ್ನಿ ತಪ್ಪೈತ್ರೀ," ಎಂದಳು. "ನಾ ಬರದ ಪ್ರಶ್ನಿ."

ಆಮೇಲೆ ಕರವಸ್ತ್ರ ಬಿಚ್ಚಿದಳು, ಡಬ್ಬಿ ಬಿಚ್ಚಿದಳು. ಹುಳಿಯ ವಾಸನೆ ಸಭೆಯ ಮೊದಲ ಸಾಲಿನವರೆಗೂ ಹೋಯಿತು. ತುಕ್ಕು ಮತ್ತು ಕಿಲುಬು, ಕೆಂಪು ಮತ್ತು ಹಸಿರು, ಸೋಮವಾರದ ದನಿ, ಸಿಂಚನಕ್ಕನ ಉತ್ತರ. ಒಂದನ್ನೂ ಬಿಡದೆ ಹೇಳಿದಳು. ಹೇಳುತ್ತ ಹೇಳುತ್ತ ತಲೆಯೆತ್ತಿ ತನ್ಮಯಿಯ ಮುಖ ನೋಡಿದಳು. ಅದು ಇಳಿಯುತ್ತಿತ್ತು. ಸುಳ್ಳು ಹೇಳಬಾರದು: ಸುನೇತ್ರಾಳಿಗೆ ಒಳಗೊಳಗೇ ಸಿಹಿಯೆನಿಸಿತು. ಒಂದು ಗಳಿಗೆ ಮಾತ್ರ. ಆ ಮುಖ ಇಳಿಯುತ್ತ ಇಳಿಯುತ್ತ ಹಾಸ್ಟೆಲಿನ ಕೋಣೆಯಲ್ಲಿ ಪ್ರಯೋಗ ಕೆಟ್ಟ ದಿನ ಕಾಣುತ್ತಿದ್ದ ಹಳೆಯ ಮುಖವಾಯಿತು. ಆಗೆಲ್ಲ ಚಹಾ ಮಾಡಿ ಕೊಡುತ್ತಿದ್ದವಳು ಸುನೇತ್ರಾಳೇ.

ಸಮಿತಿಯ ಅಧ್ಯಕ್ಷ ಪಟ್ಟೇದರು ಗಂಟಲು ಸರಿಮಾಡಿಕೊಂಡರು. "ಹಂಗಾದ್ರ ಈ ತಂತಿ ಪೂರಾ ಬಂದ್ ಮಾಡೂದ ಚಲೋ. ಹಡಗು, ಪೈಪು, ಅಡಗಿಮನಿ, ಎಲ್ಲಾದಕ್ಕೂ ಹಳೇ ಕ್ರೋಮಿಯಂ ತಂತಿ ವಾಪಸ್ ತರೋಣು. ಅದರಾಗ ಕಿಲುಬಿಲ್ಲ, ತಕರಾರಿಲ್ಲ."

"ಸಾಹೇಬ್ರ," ಎಂದಳು ಬೆಸುಗೆಯವರ ಪರವಾಗಿ ಬಂದಿದ್ದ ಗಣೇಶಪೇಟೆಯ ರೇಣುಕಾ, ಕೂತಲ್ಲಿಂದಲೇ. "ಆ ಹೊಗಿ ಯಾರ ಕುಡೀಬೇಕ್ರೀ? ನೀವ್ ಬರತೀರೇನು?"

ಯಾರೋ ನಕ್ಕರು. ಪಟ್ಟೇದರು ನಗಲಿಲ್ಲ. ತನ್ಮಯಿ ಡಬ್ಬಿಯಲ್ಲಿದ್ದ ಹಸಿರು ತುಂಡನ್ನೇ ನೋಡುತ್ತಿದ್ದಳು. ಮಾತುಗಾರ್ತಿಯ ಬಾಯಿ ಅಂದು ಮೊದಲ ಸಲ ಕಟ್ಟಿತ್ತು. ಇನ್ನು ಸ್ವಲ್ಪ ಹೊತ್ತು ಸುನೇತ್ರಾ ಸುಮ್ಮನಿದ್ದರೆ ಸಾಕಿತ್ತು, ತನ್ಮಯಿ ತಂತಿಯೆಂಬ ಹೆಸರು ಊರ ಬಾಯಿಂದ ಅಳಿಸಿಹೋಗುತ್ತಿತ್ತು. ಇಷ್ಟು ದಿನ ಬೇಡಿಕೊಂಡದ್ದು ತಟ್ಟೆಯಲ್ಲಿಟ್ಟು ಎದುರಿಗೆ ಬಂದಿತ್ತು.

"ಬ್ಯಾಡ್ರೀ," ಎಂದಳು ಸುನೇತ್ರಾ. ತನ್ನದೇ ದನಿ ತನಗೆ ಗುರುತು ಹತ್ತಲಿಲ್ಲ. "ಉಪ್ಪಿನಾಗ ಈ ತಂತಿಗೆ ಸಾಟಿ ಇಲ್ಲ, ನಾನ ನೋಡೇನಿ. ಪೈಪಿಗೆ, ಹಡಗಿಗೆ ಇರಲಿ. ಹುಳಿ ಹಾಕೂ ಹಂಡೆಗಷ್ಟ, ತಾಮ್ರ ತಗದು ಬ್ಯಾರೆ ತಂತಿ ಮಾಡಬೇಕು. ಅಲ್ಲೀತನಾ ರಾತ್ರಿ ಹುಳಿ ಇಡಬ್ಯಾಡ್ರಿ ಅಂತ ಮನಿಮನಿಗೆ ಹೇಳೋಣು. ತಂತಿದು ತಪ್ಪಿಲ್ರೀ ಪೂರಾ." ಇಷ್ಟು ವರ್ಷ ಆ ತಂತಿಯ ತಪ್ಪು ಹುಡುಕಿ ಹುಡುಕಿ, ಅದರ ಒಳ್ಳೆಯತನದ ಬಗ್ಗೆ ಊರಿನಲ್ಲಿ ಅವಳಿಗಿಂತ ಹೆಚ್ಚು ತಿಳಿದವರು ಇರಲಿಲ್ಲ. ಪಟ್ಟೇದರು ಕೇಳಿದ ಪ್ರತಿ ಪ್ರಶ್ನೆಗೂ ಅವಳ ಹತ್ತಿರ ಉತ್ತರವಿತ್ತು.

ಸಭೆ ಮುಗಿದ ಮೇಲೆ ಹೊರಗಿನ ಚಹಾದ ಗಾಡಿಯ ಹತ್ತಿರ ತನ್ಮಯಿ ಬಂದು ಪಕ್ಕದಲ್ಲಿ ನಿಂತಳು. ಕಣ್ಣುಗಳು ಕೆಂಪಾಗಿದ್ದವು.

"ಎಷ್ಟ್ ದಿವಸದಿಂದ ನನ್ನ ಬೆಸಗಿ ಕೆಳಗ ಬೆರಳ ಹಾಕ್ಕೋತ ತಿರಗಾಕತ್ತೀ?"

"ಮೊದಲಿನಿಂದನೂ."

"ನಮ್ಮ ಆಫೀಸಿನವರೂ ಇಷ್ಟ್ ಪ್ರೀತೀಲೆ ನೋಡಿಲ್ಲ ಲೇ ಅದನ್ನ."

"ಪ್ರೀತಿ ಅಲ್ಲ ಅದು."

"ಗೊತ್ತೈತಿ," ಎಂದಳು ತನ್ಮಯಿ. "ಫೋನ್ ಮಾಡಿ ಹೇಳಬೇಕಿತ್ತು ನೀನು."

"ಹೂಂ. ಹೇಳಬೇಕಿತ್ತು."

ಚಹಾ ಮುಗಿಸಿ ಇಬ್ಬರೂ ಲೋಟಗಳನ್ನು ಗಾಡಿಯ ಮೇಲಿಟ್ಟರು. ಅಂದಿನಿಂದ ಅವರಿಬ್ಬರೂ ಮೊದಲಿನಂತೆ ಗೆಳತಿಯರಾದರೆಂದು ಹೇಳುವಂತಿಲ್ಲ. ತಾಮ್ರವಿಲ್ಲದ ಎರಡನೆಯ ತಂತಿ ಬರಲು ಒಂದು ವರ್ಷ ಹಿಡಿಯಿತು. ಸುನೇತ್ರಾಳ ಬಿರುಕುಬಿಟ್ಟ ತಂತಿಯಿಂದ ಒಂದು ಚಿಟಿಕೆ ಸಿಲಿಕಾನನ್ನು ಅದಕ್ಕೆ ಕಡ ತಂದಿದ್ದರು. ಜನ ಅದಕ್ಕೂ ತನ್ಮಯಿ ತಂತಿಯೆಂದೇ ಅಂದರು, ಸುನೇತ್ರಾಳಿಗೆ ಆಗಲೂ ಮೆಣಸಿನಕಾಯಿ ಸುಟ್ಟಿತು.

ಸೋಮವಾರದ ಪ್ರಶ್ನೆಯನ್ನು ಮಾತ್ರ ಈ ಸಲ ಅವಳು ತಿಂಗಳುಗಟ್ಟಲೆ ಕೂತು ಬರೆದಳು, ಬರೆದು ಹೊಡೆದು ಹಾಕಿದಳು. ಯಾವ ಮಾತು ಹಾಕಿದರೂ ಇನ್ನೊಂದು ಮಾತು ಹೊರಗೆ ಉಳಿಯುತ್ತಿತ್ತು. ಕೊನೆಗೆ ಹೌದು-ಇಲ್ಲಗಳನ್ನೇ ಬಿಟ್ಟು, "ನಿಮ್ಮ ಪಾತ್ರೆ ಹೇಗಿದೆ, ಹೇಳಿ" ಎಂದಷ್ಟೇ ಇಟ್ಟಳು. ಉತ್ತರಗಳನ್ನು ಯಂತ್ರದಿಂದ ವಿಂಗಡಿಸಲು ಆಗಲಿಲ್ಲ. ಒಬ್ಬರು ಕೂತು ಕೇಳಬೇಕಾಯಿತು. ಕೇಳುವ ಕೆಲಸವನ್ನು ಅವಳೇ ಕೇಳಿ ಪಡೆದಳು. ಮಾತಾಡದೆ ಕೂತುಕೊಳ್ಳುವ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು.

ಜನ ಪಾತ್ರೆಯ ಬಗ್ಗೆ ಹೇಳಿದರು. ಬಣ್ಣ, ವಾಸನೆ, ಸೋರಿಕೆ. ಪಾತ್ರೆಯಲ್ಲದ್ದನ್ನೂ ಹೇಳಿದರು. ಸೊಂಟನೋವು, ಸೊಸೆಯ ಮುನಿಸು, ಉಗಿ ತಾಗಿ ಸುಟ್ಟ ಕೈ. ಒಂದು ದಿನ ಬೆಟಗೇರಿಯ ಅಡುಗೆಮನೆಯ ಸಂಖ್ಯೆಯಿಂದ ಮುದುಕರೊಬ್ಬರ ದನಿ ಬಂತು. ಮಗಳು ಒಲೆಯ ಹತ್ತಿರ ಇದ್ದುದರಿಂದ ಫೋನು ಅವರ ಕೈಗೆ ಬಂದಿತ್ತು.

"ಪಾತ್ರಿ ಚಲೋ ಅದಾವವಾ," ಎಂದಿತು ದನಿ. ನಡುನಡುವೆ ಕೆಮ್ಮು. "ನನಗೂ ಗೊತ್ತಾಗತೈತಿ, ನಾನೂ ಬೆಸಗಿಯವನ. ಎರಡು ಸಾವಿರದ ಇಪ್ಪತ್ತೈದು, ಇಪ್ಪತ್ತಾರನೇ ಇಸವಿ ಇರಬೇಕು, ಆಗ ನಾ ಹುಡುಗ. ಸ್ಟೀಲ್ ಹಂಡೆ, ಸಾಲಿ ಹುಡುಗರ ಊಟದ ಹಂಡೆ, ಮದವಿ ಮನಿ ಹಂಡೆ, ಎಲ್ಲಾ ಮಾಡೇನಿ. ಮಾರಿಗೆ ಒಂದು ವಸ್ತ್ರ ಸುತ್ತಗೊಂಡು ಕುಂದರ್ತಿದ್ವಿ. ಆ ಹೊಗಿ ಕುಡದು ಮೂಗಿನೊಳಗಿನ ಗ್ವಾಡಿ ತೂತು ಬಿದ್ದೈತಿ ನಂದು. ಆ ಕಡೆ ಬೆಳಕು ಹಿಡದ್ರ ಈ ಕಡೆ ಕಾಣತೈತಿ ಅಂತ ಡಾಕ್ಟ್ರು ನಗತಿದ್ರು."

ಕೆಮ್ಮು ಬಹಳ ಹೊತ್ತು ನಡೆಯಿತು. ಸುನೇತ್ರಾ ಕಿವಿಗೆ ಫೋನನ್ನು ಒತ್ತಿ ಹಿಡಿದಳು.

"ಆಗೂ ಬಂದು ಕೇಳತಿದ್ರು ನೋಡವಾ," ಎಂದರು ಮುದುಕರು, ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಪಾತ್ರಿ ಮಾರಾವ್ರು, ಮಾಸ್ತರರು, ಆಫೀಸರು, ಎಲ್ಲಾರೂ. ಪಾತ್ರಿ ಹೆಂಗದಾವ ಅಂತ, ಅಷ್ಟ."